ತಂತಿಯ ಮೇಲಿನ ಹಳದಿ ಫ್ರಾಕು

ನಮ್ಮೂರಿಗೆ ಹೊಳೆಯಿಲ್ಲ. ಒಂದು ಕೆರೆಯಿದೆ, ಅದರಲ್ಲೂ ನೀರಿಗಿಂತ ಜೊಂಡೇ ಜಾಸ್ತಿ. ಆದರೂ ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ‘ಹೊಳೆಯೂರಿಗೆ ಹೋದರು’ ಎಂದೇ ಹೇಳುವುದು. ಬೇರೆ ಊರಿನಿಂದ ಬಂದವರು ಅದನ್ನು ಸುಮ್ಮನೆ ಮಾತಿಗೆ ಹೇಳುವುದೆಂದುಕೊಳ್ಳುತ್ತಾರೆ. ಹಾಗಲ್ಲ. ಹೊಳೆಯೂರನ್ನು ನಾನು ದಿನವೂ ನೋಡುತ್ತೇನೆ. ಅದರ ಮೇಲೆ ಹಾರುವುದೇ ನನ್ನ ಕೆಲಸ.

ಒಂದು ಕಾಲಕ್ಕೆ ಊರ ಹೊರಗೆ ವಿಮಾನ ಓಡಿಸುವುದನ್ನು ಕಲಿಸುವ ಶಾಲೆಯಿತ್ತು. ನನ್ನಪ್ಪ ಅದರ ಕಾವಲುಗಾರ. ಶಾಲೆ ಮುಚ್ಚಿದಾಗ ಇದ್ದ ವಿಮಾನಗಳನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಹೋದರು. ಕಲಿಯುವವರನ್ನು ನೆಲದ ಮೇಲೇ ಕೂರಿಸಿ ಹಾರಿಸುವ ಸಿಮ್ಯುಲೇಟರ್ ಮಾತ್ರ ಬಾಗಿಲಲ್ಲಿ ಹಿಡಿಸಲಿಲ್ಲ, ಅಲ್ಲೇ ಬಿಟ್ಟರು. ನಾವು ಅದನ್ನು ವಿಮಾನದ ಪೆಟ್ಟಿಗೆ ಅನ್ನುತ್ತೇವೆ. ಎರಡು ಸೀಟು, ಎರಡು ಹಿಡಿಕೆ, ಕಾಲಿಗೆ ಪೆಡಲು, ಎದುರಿಗೆ ಗೋಡೆಯಗಲದ ಪರದೆ. ಅದರೊಳಗೆ ಇರುವುದು ಒಂದೇ ಊರು. ಅಮೆರಿಕದ ನಟ್ಟನಡುವೆ ಇರುವ ಯಾವುದೋ ಹೊಳೆದಂಡೆಯ ಪಟ್ಟಣ ಎಂದು ಶಾಲೆಯ ಮೇಷ್ಟ್ರೊಬ್ಬರು ಅಪ್ಪನಿಗೆ ಹೇಳಿದ್ದರಂತೆ. ಕೆಂಪು ಮಣ್ಣು ಕದಡಿದ ಬಣ್ಣದ ಅಗಲವಾದ ಹೊಳೆ, ಅದರ ಮೇಲೆ ಕಬ್ಬಿಣದ ಸೇತುವೆಗಳು, ಹೋಗುತ್ತಲೂ ಇಲ್ಲ ನಿಲ್ಲುತ್ತಲೂ ಇಲ್ಲ ಅನ್ನುವ ಹಾಗಿರುವ ಉದ್ದುದ್ದ ದೋಣಿಗಳು. ದಂಡೆಯ ಮೇಲೆ ಕಾಳು ತುಂಬಿಡುವ ಬಿಳಿಯ ಗೋಪುರಗಳು. ಬೀದಿಗಳು ಚೌಕಾಬಾರದ ಮನೆ ಬರೆದಂತೆ ನೇರ. ಊರು ಮುಗಿದ ಕೂಡಲೇ ಜೋಳದ ಹೊಲ, ಮತ್ತೆ ಜೋಳದ ಹೊಲ. ಕೆಳಗೆ ಇಳಿದಷ್ಟೂ ಎಲ್ಲ ಮಸುಕಾಗುತ್ತದೆ, ಮರಗಳು ಕಾಗದ ಕತ್ತರಿಸಿ ನಿಲ್ಲಿಸಿದ ಹಾಗೆ ಕಾಣುತ್ತವೆ. ಅಲ್ಲಿ ಯಾವಾಗಲೂ ಇಳಿಹೊತ್ತು. ಮನುಷ್ಯರು ಒಬ್ಬರೂ ಕಾಣುವುದಿಲ್ಲ. ಪೆಟ್ಟಿಗೆ ಮಾಡಿದವರು ಮನುಷ್ಯರನ್ನು ಹಾಕಿಲ್ಲ, ಅವರಿಗೇನು ಗೊತ್ತಿತ್ತು.

ಕಾಣುವುದು ಬಟ್ಟೆ. ಯಾರಾದರೂ ಹೋದರೆ, ಹನ್ನೊಂದನೆಯ ದಿನ ಅವರ ಒಂದು ಬಟ್ಟೆಯನ್ನು ಒಗೆದು ಮನೆಯ ಹಿತ್ತಲಿನ ತಂತಿಯ ಮೇಲೆ ಹರವುತ್ತೇವೆ. ಆಮೇಲೆ ಮನೆಯವರು ನನ್ನ ಹತ್ತಿರ ಬರುತ್ತಾರೆ. ಹೊಳೆಯೂರಿನ ಮೇಲೆ ಹುಡುಕುತ್ತಾ ಹೋದರೆ ಯಾವುದೋ ಒಂದು ಮನೆಯ ಹಿಂದೆ ಅದೇ ಪಂಚೆ, ಅದೇ ಸೀರೆ ತಂತಿಯ ಮೇಲೆ ಒಣಗುತ್ತಿರುತ್ತದೆ. ಅವರಿಗೆ ಮನೆ ಸಿಕ್ಕಿತು ಎಂದು ಅರ್ಥ. ಮನೆಯವರಲ್ಲಿ ಒಬ್ಬರು ಹೆಸರು ಹಿಡಿದು ಕರೆಯಬೇಕು, ನಾನು ರೆಕ್ಕೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗಿಸಬೇಕು. ನಾವು ನೋಡಿದೆವು, ನೀವಿನ್ನು ಒಳಗೆ ಹೋಗಿ ಎಂದು ಹೇಳಿದ ಹಾಗೆ. ಮನೆಗೆ ಹೋಗಿ ತಂತಿಯಿಂದ ಬಟ್ಟೆ ಇಳಿಸಿ, ಮಡಿಸಿ, ಅದು ಯಾರ ಮೈಗೆ ಸರಿಹೋಗುತ್ತದೋ ಅವರಿಗೆ ಕೊಟ್ಟುಬಿಡಬೇಕು. ಮಾರನೆಯ ದಿನ ನೋಡಿದರೆ ಅಲ್ಲಿಯ ತಂತಿಯೂ ಖಾಲಿ. ಅಲ್ಲಿಂದಾಚೆಗೆ ಅದು ಯಾರದೋ ಮನೆ.

ರೆಕ್ಕೆ ಬಾಗಿಸುವ ತನಕ ಆ ಬಟ್ಟೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಹಾಗೆಂದು ಸುಮ್ಮನೆ ಬಿಟ್ಟರೆ ಬಿಸಿಲು ಬಿಡುತ್ತದೆಯೇ? ತಂತಿಯ ಮೇಲೇ ಬಟ್ಟೆ ಪಿಸಿದು ಉದುರಿಹೋದರೆ ಆ ಮನೆ ಮತ್ತೆ ಸಿಗುವುದಿಲ್ಲ. ಕಳಿಸಿಕೊಟ್ಟ ಹಾಗೂ ಆಗಲಿಲ್ಲ, ಉಳಿಸಿಕೊಂಡ ಹಾಗೂ ಆಗಲಿಲ್ಲ. ದಲಾಲಿ ಚೌಡಪ್ಪ ತನ್ನ ತಮ್ಮನ ಲುಂಗಿಯನ್ನು ಇವತ್ತು ನಾಳೆ ಅನ್ನುತ್ತಾ ಗಾಳಿಗೆ ಬಿಟ್ಟುಕೊಟ್ಟ. ಈಗಲೂ ಬಂದು ಕೂರುತ್ತಾನೆ. ಬೀದಿ ಬೀದಿ ತಿರುಗಿಸಿ ತೋರಿಸುತ್ತೇನೆ. ಎಲ್ಲ ಮನೆಗಳೂ ಒಂದೇ ಥರ ಕಾಣುತ್ತವೆ ಅವನಿಗೆ.

ಅದಕ್ಕೇ ನಾನು ಬಂದವರಿಗೆ ಬೇಗ ಮುಗಿಸಿಕೊಳ್ಳಿ ಎಂದು ಬಾಯಿ ಮಾಡುತ್ತೇನೆ. ಮೊನ್ನೆ ಪುಟ್ಟತಾಯಿ ಬಂದಿದ್ದಳು, ಅತ್ತೆಯನ್ನು ಕಳಿಸಿಕೊಡಲು. ಇಬ್ಬರಿಗೂ ಬದುಕಿರುವ ತನಕ ಎಣ್ಣೆ ಸೀಗೆಕಾಯಿ. ಹುಡುಕಿದರೆ ಅತ್ತೆಯ ಕೆಂಪಂಚಿನ ಸೀರೆ ಎಲ್ಲಿತ್ತು ಅನ್ನುತ್ತೀರಿ, ಹೊಳೆಗೆ ಮುಖ ಮಾಡಿದ ಮಾಳಿಗೆ ಮನೆಯ ಹಿಂದೆ.

“ನೋಡಕ್ಕ, ಅಲ್ಲೂ ದೊಡ್ಡ ಮನೇನೇ ಹಿಡಿದವಳೆ,” ಅಂದಳು ಪುಟ್ಟತಾಯಿ.

“ನಿನಗೂ ಒಂದು ರೂಮು ಇಟ್ಟಿರ್ತಾಳೆ ಬಿಡು. ಹೆಸರು ಹೇಳು.”

“ಇನ್ನೊಂದು ಸುತ್ತು ಹೊಡಿ.”

“ಯಾಕೆ? ಬೈಯ್ಯೋದು ಬಾಕಿ ಐತಾ?”

ಪುಟ್ಟತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಕೊನೇಲಿ ಮುದ್ದೆ ಕೇಳಿದ್ಲು ಕಣಕ್ಕ. ಅನ್ನ ಹಾಕ್ದೆ. ಒಲೆ ಹಚ್ಚೋಕೆ ಬೇಜಾರಾಗಿ,” ಅಂದಳು. ನಾನು ಇನ್ನೊಂದು ಸುತ್ತು ಹೊಡೆದೆ. ಆಮೇಲೆ ಅವಳು ಹೆಸರು ಹೇಳಿದಳು, ನಾನು ರೆಕ್ಕೆ ಬಾಗಿಸಿದೆ. ಖಾಲಿ ತಂತಿ ನೋಡೋಕೆ ನಾಳೆ ಬರಬೇಡ, ಅದರಿಂದ ಏನೂ ಸಿಗಲ್ಲ ಎಂದು ಹೇಳಿ ಕಳಿಸಿದೆ.

ಇಷ್ಟೆಲ್ಲ ಹೇಳುವ ನಾನು ನನ್ನ ಮಗಳ ವಿಷಯದಲ್ಲಿ ಏನು ಮಾಡಿದೆ ಎಂದು ಊರಿಗೆಲ್ಲ ಗೊತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಕುಸುಮ ಮೂರನೇ ಕ್ಲಾಸಿನಲ್ಲಿದ್ದಳು. ಜ್ವರ ಬಂದದ್ದು ಒಂದು ಸೋಮವಾರ, ಆ ವಾರ ಪೂರ್ತಿ ಮುಗಿಯಲಿಲ್ಲ. ನನ್ನ ಯಜಮಾನರು ಟೈಲರ್, ಬಸ್‌ಸ್ಟ್ಯಾಂಡಿನ ಎದುರು ಸಿದ್ದಪ್ಪ ಟೈಲರ್ ಅಂದರೆ ಯಾರಾದರೂ ತೋರಿಸುತ್ತಾರೆ. ಅವರೇ ಹೊಲಿದಿದ್ದ ಹಳದಿ ಫ್ರಾಕು, ಬಿಳಿ ಕಾಲರಿನದು. ಅದನ್ನೇ ಒಗೆದು ಹರವಿದ್ದೆವು. ಹೊಳೆಯೂರಿನಲ್ಲಿ ಅದು ಸಿಕ್ಕಿದ್ದು ರೈಲು ಹಳಿಯ ಪಕ್ಕ, ನೀರಿನ ಟ್ಯಾಂಕಿನ ಹಿಂದೆ, ಬೂದು ಮಾಡಿನ ಸಣ್ಣ ಮನೆಯಲ್ಲಿ. ಮೇಲಿಂದ ನೋಡಿದರೆ ಒಂದು ಅಕ್ಕಿಕಾಳಿನಷ್ಟು ಹಳದಿ. ಅವತ್ತು ನಾನೊಬ್ಬಳೇ ಹಾರಿದೆ. ಅಟ್ಟ ಹತ್ತಿದರೂ ತಲೆ ಸುತ್ತುವ ಮನುಷ್ಯ ಅವರು, ಪೆಟ್ಟಿಗೆಯ ಹತ್ತಿರವೇ ಬಂದವರಲ್ಲ. ಹೆಸರು ಹೇಳಲು ಬಾಯಿ ತೆರೆದೆ. ಬರಲಿಲ್ಲ. ನಾಳೆ ನೋಡೋಣ ಎಂದು ಬಂದುಬಿಟ್ಟೆ.

ಆ ನಾಳೆ ಮುಗಿಯಲೇ ಇಲ್ಲ. ಬಂದವರ ಅಪ್ಪ, ಅಮ್ಮ, ಗಂಡ ಹೊಳೆಯೂರಿನ ಯಾವ ಮೂಲೆಯಲ್ಲಿರಲಿ, ನಾನು ನೀರಿನ ಟ್ಯಾಂಕಿನ ಮೇಲೆ ಹಾದೇ ಹೋಗುತ್ತಿದ್ದೆ. ಹಳದಿ ಕಂಡರೆ ಆ ದಿನ ಕಳೆಯಿತು. ಮನೆಯ ಹಿತ್ತಲಿಗೆ ಮಾತ್ರ ಕಾಲಿಡಲಾಗಲಿಲ್ಲ. ಇಲ್ಲಿ, ಕೈಗೆ ಎಟಕುವಷ್ಟು ಹತ್ತಿರ, ಅದು ಬರೀ ಬಟ್ಟೆ. ಅಲ್ಲಿ ಮೇಲಿಂದ ನೋಡಿದರೆ ಅದರ ಪಕ್ಕ ಒಂದು ಬಾಗಿಲಿದೆ, ಬಾಗಿಲೊಳಗೆ ಅವಳಿದ್ದಾಳೆ ಅನ್ನಿಸುತ್ತದೆ. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದೆ. ಪಾತ್ರೆ ಬಟ್ಟೆ ಎಲ್ಲ ಮುಂದಿನ ಜಗುಲಿಯ ಪಕ್ಕಕ್ಕೆ ಬಂತು. ಯಜಮಾನರು ಅಲ್ಲಿಗೇ ಒಂದು ಹೊಸ ತಂತಿ ಕಟ್ಟಿಕೊಟ್ಟರು.

ತೆಳುವಾದ ಹತ್ತಿ ಬಟ್ಟೆ ನಮ್ಮೂರ ಬಿಸಿಲಿಗೆ ಎರಡು ಬೇಸಿಗೆ ತಡೆದರೆ ಹೆಚ್ಚು. ಕುಸುಮಳ ಫ್ರಾಕು ತಡೆಯಿತು. ಅವಳ ಜೊತೆ ಕುಂಟಾಬಿಲ್ಲೆ ಆಡಿದ ಹುಡುಗಿಯರು ಸೈಕಲ್ಲು ಹತ್ತಿದರು, ಹೈಸ್ಕೂಲು ಮುಗಿಸಿದರು, ಕಾಲೇಜಿನ ಹಬ್ಬಕ್ಕೆ ಅಮ್ಮಂದಿರ ಸೀರೆ ಉಟ್ಟು ನಮ್ಮ ಅಂಗಡಿಗೇ ರವಿಕೆ ಹೊಲಿಸಲು ಬಂದರು. ಫ್ರಾಕಿನ ಹಳದಿ ಹಳದಿಯಾಗಿಯೇ ಇತ್ತು. ಅದು ಅವಳ ಹಟ ಎಂದು ನಾನು ನಂಬಿದೆ. ಹುಟ್ಟುವಾಗಲೇ ಹಟಮಾರಿ. ಅಮ್ಮ ನೋಡುತ್ತಾಳೆ ಎಂದು ಬಣ್ಣ ಬಿಡದೆ ಹಿಡಿದುಕೊಂಡಿದ್ದಾಳೆ, ಹಾಗಿರುವಾಗ ನಾನು ಹೇಗೆ ರೆಕ್ಕೆ ಬಾಗಿಸಲಿ? ನಾನೇ ಅವಳಿಗೆ ಒಳಗೆ ಹೋಗು ಅಂದ ಹಾಗಾಗುವುದಿಲ್ಲವೇ?

ಪಕ್ಕದ ಮನೆಯ ಗೌರತ್ತೆ ಒಮ್ಮೆ ಕರಿಬೇವು ಕೇಳಲು ಬಂದವರು ಹೊರಡುವಾಗ ಬಾಗಿಲಲ್ಲಿ ನಿಂತರು. “ಊರಿಗೆಲ್ಲ ಮೇಲಿಂದ ತೋರಿಸ್ತೀಯ ಸಾವಂತ್ರಿ. ನಿನ್ನ ಹಿತ್ತಲ ಕಡೆ ಒಂದ್ಸಲ ಕಣ್ಣು ಹಾಯಿಸೇ,” ಅಂದರು.

“ನಿಮ್ಮ ಮೊಮ್ಮಗಳಿಗೆ ಆ ಫ್ರಾಕು ಬೇಕಾಗಿದ್ರೆ ನೇರವಾಗಿ ಕೇಳಿ ಗೌರತ್ತೆ,” ಅಂದುಬಿಟ್ಟೆ. ಅವರ ಮೊಮ್ಮಗಳು ಆಗ ಮೂರನೇ ಕ್ಲಾಸು. ಆ ಮಗು ಎದುರಿಗೆ ಬಂದರೆ ನಾನು ಬೇರೆ ಕಡೆ ತಿರುಗಿಬಿಡುತ್ತಿದ್ದೆ. ಗೌರತ್ತೆ ಸಿಟ್ಟಾಗಲಿಲ್ಲ. ನನ್ನ ತಲೆ ಮೇಲೆ ಕೈಯಾಡಿಸಿ ಹೋದರು. ಅದೇ ನನಗೆ ಇನ್ನೂ ಉರಿಯಿತು.

ಪುಟ್ಟತಾಯಿ ಬಂದು ಹೋದ ಮಾರನೆಯ ದಿನ ಬೆಳಿಗ್ಗೆ ನಾನು ಪರದೆ ಒರೆಸುತ್ತಿದ್ದೆ. ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅಂಗಡಿ ತೆರೆಯುವ ಹೊತ್ತಿನಲ್ಲಿ ಅವರು ಅಲ್ಲಿಗೆ ಬರುವುದೆಂದರೆ ಯಾರೋ ಸತ್ತಿರಬೇಕು ಎಂದೇ ಅಂದುಕೊಂಡೆ.

“ಯಾರು?” ಅಂದೆ.

“ಯಾರೂ ಇಲ್ಲ. ನನ್ನ ಹಾರ್ಸು.”

“ಏಣಿ ಹತ್ತೋಕೆ ಆಗಲ್ಲ ನಿಮಗೆ.”

“ಕಣ್ಮುಚ್ಕೊಂಡ್ ಕೂತ್ಕೋತೀನಿ.” ಅವರು ಸ್ಟೂಲು ಎಳೆದುಕೊಂಡು ಕೂತರು. ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿದರು. “ಫ್ರಾಕು ಇನ್ನು ತಡೆಯಲ್ಲ ಸಾವಂತ್ರಿ.”

“ನಿನ್ನೆ ನೋಡಿದ್ದೀನಲ್ಲ, ಚೆನ್ನಾಗೈತೆ.”

“ಮೇಲಿಂದ ನೋಡಿದ್ದೀಯ.”

“ಅವಳು ಕಾಪಾಡ್ಕೊಂಡವಳೆ. ನಿಮಗೇನ್ರಿ ಗೊತ್ತು ಅದು?”

“ಅವಳಲ್ಲ,” ಅಂದರು. “ನಾನು ಹೊಲೀತಿದ್ದೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ನೆಲ ನೋಡುತ್ತಾ ಹೇಳಿದರು, ಗಿರಾಕಿಗೆ ಬಟ್ಟೆ ಯಾಕೆ ತಡವಾಯಿತೆಂದು ಹೇಳುವ ದನಿಯಲ್ಲಿ. “ಮೊದಲು ಎಡಗಡೆ ತೋಳು ಹೋಯ್ತು. ಬಿಸಿಲಿಗೆ ಹಪ್ಪಳ ಆಗಿತ್ತು, ಮುಟ್ಟಿದ್ರೆ ಪುಡಿ. ನೀನು ಇಲ್ಲಿ ಅದನ್ನ ನೋಡ್ಕೊಂಡು ಬಂದ ದಿನ ಒಂದು ತುತ್ತು ತಿಂತಿದ್ದೆ. ಅದೂ ನಿಂತೋಗ್ತದಲ್ಲ ಅಂತ, ನೀನು ಇಲ್ಲಿರೋ ಹೊತ್ತಲ್ಲಿ ಹಿತ್ತಲಿಗೆ ಹೋಗಿ ಅದೇ ಬಣ್ಣದ ತೇಪೆ ಹಾಕ್ದೆ. ತಂತಿ ಮೇಲೆ ಇದ್ದ ಹಾಗೇನೇ, ಕೈಹೊಲಿಗೆ. ಆಮೇಲೆ ಇನ್ನೊಂದು ತೋಳು. ಆಮೇಲೆ ನೆರಿಗೆ. ಬೆನ್ನು. ಪ್ರತಿ ಬೇಸಿಗೇಲೂ ಏನಾದ್ರೂ ಒಂದು ಹೋಗೋದು. ಈಗ ಅವಳು ಹಾಕ್ಕೊಂಡಿದ್ದ ಬಟ್ಟೆ ಅಂತ ಉಳಿದಿರೋದು ಕಾಲರ್ ಒಂದೇ.”

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಸಿಟ್ಟು. ದಿನವೂ ನಾನು ಅಷ್ಟು ಎತ್ತರದಿಂದ ಬಗ್ಗಿ ಬಗ್ಗಿ ನೋಡಿ, ಮಗಳೇ ಎಂದು ಮನಸ್ಸಿನಲ್ಲೇ ಮಾತಾಡಿಸಿ ಬಂದದ್ದು ಈ ಮನುಷ್ಯನ ತೇಪೆಯನ್ನೇ?

“ಮುಟ್ಟಬಾರದು ಅಂತ ಗೊತ್ತಿರಲಿಲ್ವಾ ನಿಮಗೆ?”

“ಗೊತ್ತಿತ್ತು.”

“ಮತ್ತೆ?”

“ನೀನು ಊಟ ಮಾಡ್ತಿದ್ಯಲ್ಲ.”

ನಾನು ಒರೆಸುವ ಬಟ್ಟೆಯನ್ನು ಹಿಂಡಿದೆ, ಅದರಲ್ಲಿ ನೀರೇ ಇರಲಿಲ್ಲ. ಅವರು ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. ಅಂಗಡಿಯಲ್ಲಿ ಕತ್ತರಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದಾರೆಂದು ಗೊತ್ತಿತ್ತು, ವಯಸ್ಸಾಯಿತು ಅಂದುಕೊಂಡಿದ್ದೆ. ಕೈಯನ್ನೇ ನೋಡಿರಲಿಲ್ಲ.

“ಕಾಲರು ಬಿಡ್ತಾ ಐತೆ,” ಅಂದರು. “ನಿನ್ನೆ ಹೊಲಿಯೋಕೆ ಹೋದೆ. ಕೈ ನಡುಗಿ, ಸೂಜಿ ಸಿಕ್ಕಿ ಬಟ್ಟೆ ಹರಿದುಬಿಡ್ತು. ಇನ್ನೊಂದು ಗಾಳಿ ಬಂದ್ರೆ ಉದುರೋಗ್ತದೆ. ಚೌಡಪ್ಪನ ಥರ ಆಗೋದು ಬೇಡ ನಮಗೆ. ಇರೋವಾಗಲೇ ಕಳಿಸಿಕೊಡೋಣ ಮಗೂನ.”

ಬೇಡ ಅನ್ನಬೇಕೆಂದು ಬಾಯಿವರೆಗೆ ಬಂತು. ಆದರೆ ಇಷ್ಟು ವರ್ಷ ಅವರು ನನಗೆ ಒಮ್ಮೆಯೂ ಬೇಡ ಅಂದದ್ದಿಲ್ಲ. ನಾನು ಪೆಟ್ಟಿಗೆಯ ಬಾಗಿಲು ತೆಗೆದೆ.

ಅವರನ್ನು ಕೂರಿಸಿ, ಬೆಲ್ಟು ಕಟ್ಟಿ, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು ಇಟ್ಟೆ. ಹೊಲಗಳು ಕಾಣಿಸಿದವು, ಹೊಳೆ ಕಾಣಿಸಿತು. ಅವರು ಕಣ್ಣು ಮುಚ್ಚಿಯೇ ಇದ್ದರು. ಮೊದಲ ಸೇತುವೆ ದಾಟುವಾಗ ವಾಂತಿಯಾಯಿತು. ನಾನು ಹಿಂದೆ ಹೋಗೋಣವೇ ಎಂದು ಕೇಳಿದೆ, ಬಾಯಿ ಒರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಕಾಳಿನ ಗೋಪುರಗಳನ್ನು ದಾಟಿ, ರೈಲು ಹಳಿ ಹಿಡಿದು, ನೀರಿನ ಟ್ಯಾಂಕಿನ ಹತ್ತಿರ ನಿಧಾನ ಮಾಡಿದೆ.

“ಬಂತು. ಕಣ್ಬಿಡ್ರಿ.”

ಬಿಟ್ಟರು. ಹೊಳೆಯೂರಿನ ಇಳಿಹೊತ್ತಿನ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಬೂದು ಮಾಡು, ಅದರ ಹಿಂದೆ ತಂತಿ, ತಂತಿಯಲ್ಲಿ ಹಳದಿ. ಅವರು ಮುಂದಕ್ಕೆ ಬಗ್ಗಿದರು.

“ಎಷ್ಟು ಚಿಕ್ಕದಾಗಿ ಕಾಣ್ತದೆ,” ಅಂದರು.

“ಮೇಲಿಂದ ಎಲ್ಲಾನೂ ಚಿಕ್ಕದೇ.”

“ಇಲ್ಲೇನಾ ಇರೋದು? ರೈಲಿನ ಸದ್ದಿಗೆ ನಿದ್ದೆ ಬರ್ತದಾ ಅವಳಿಗೆ?”

“ಇಲ್ಲಿ ರೈಲು ಓಡಲ್ಲ. ಬರೀ ಹಳಿ.”

“ಸರಿ ಹಾಗಾದ್ರೆ.”

ಮೂರು ಸುತ್ತೋ ನಾಲ್ಕು ಸುತ್ತೋ ಹೊಡೆದೆವು. ಅವರು ಅಂಗಳ ನೋಡಿದರು, ಬಾಗಿಲು ಯಾವ ಕಡೆಗಿದೆ ಎಂದು ಕೇಳಿದರು, ಮಳೆ ಬಂದರೆ ಮಾಡು ಸೋರುವ ಹಾಗೆ ಕಾಣುವುದಿಲ್ಲ ಅಂದರು. ಆಮೇಲೆ, ಊಟಕ್ಕೆ ಕರೆಯುವಾಗ ಬೀದಿಯ ಕಡೆ ಮುಖ ಮಾಡಿ ಕೂಗುತ್ತಿದ್ದ ಅದೇ ರಾಗದಲ್ಲಿ, “ಕುಸುಮಾ,” ಅಂದರು. “ಅಪ್ಪ ಬಂದಿದ್ದೀನಿ ಕಣವ್ವ. ಅಮ್ಮನೂ ಇದ್ದಾಳೆ.”

ಈಗ ನಾನು ರೆಕ್ಕೆ ಬಾಗಿಸಬೇಕು. ಊರಿನ ಅರ್ಧ ಜನಕ್ಕೆ ಬಾಗಿಸಿದ ಕೈ. ಹಿಡಿಕೆಯ ಮೇಲೆ ಅದು ಕಲ್ಲಾಗಿ ಕೂತಿತು. ಮನೆ ನಮ್ಮ ಕೆಳಗಿನಿಂದ ಸರಿದು ಹಿಂದಕ್ಕೆ ಹೋಗಲು ಶುರುವಾಯಿತು. ಆ ಪೆಟ್ಟಿಗೆಯಲ್ಲಿ ಎರಡು ಹಿಡಿಕೆಗಳಿಗೂ ಒಳಗಿಂದ ಒಂದೇ ಕೊಂಡಿ, ಒಂದು ಅಲ್ಲಾಡಿದರೆ ಇನ್ನೊಂದೂ ಅಲ್ಲಾಡುತ್ತದೆ. ನನ್ನ ಅಂಗೈಯೊಳಗೆ ಹಿಡಿಕೆ ಸಣ್ಣಗೆ ನಡುಗತೊಡಗಿತು. ಪಕ್ಕಕ್ಕೆ ನೋಡಿದರೆ ಅವರು ತಮ್ಮ ಹಿಡಿಕೆಯ ಮೇಲೆ ಕೈಯಿಟ್ಟಿದ್ದರು. ಅವರ ನಡುಕ ನನ್ನ ಕೈಗೆ ಬರುತ್ತಿತ್ತು. ಪರದೆಯ ಮೇಲೆ ಇಡೀ ಊರು, ಹೊಳೆ, ಸೇತುವೆ ಎಲ್ಲ ಸೇರಿ ನಡುಗುತ್ತಿತ್ತು.

“ಯಾವ ಕಡೆ ಮೊದಲು?” ಎಂದು ಕೇಳಿದರು.

“ಎಡಕ್ಕೆ,” ಅಂದೆ.

ಇಬ್ಬರೂ ಸೇರಿ ತಿರುಗಿಸಿದೆವು. ಎಡಕ್ಕೆ, ಆಮೇಲೆ ಬಲಕ್ಕೆ. ಅವರಿಗೆ ಅಂದಾಜಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಬಾಗಿಸಿದರು, ಹೊಳೆ ಗೋಡೆಯ ಹಾಗೆ ಎದ್ದು ನಿಂತಿತು. ನಾನು ತಡೆಯಲಿಲ್ಲ. ಅಷ್ಟು ದೊಡ್ಡದಾಗಿ ಬಾಗಿಸಿದರೆ ಅವಳಿಗೆ ಖಂಡಿತ ಕಂಡಿರುತ್ತದೆ. ಆಗ ಅಳು ಬಂತು. ಅವರು ಕವರನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮುಗಿಸುವ ತನಕ ಕಾದರು.

ಮನೆಗೆ ನಡೆದುಕೊಂಡೇ ಹೋದೆವು. ಗೌರತ್ತೆಯ ಮೊಮ್ಮಗಳು ಜಗುಲಿಯ ಮೇಲೆ ಕೂತು ಬಳಪ ತಿನ್ನುತ್ತಿತ್ತು. ಫ್ರಾಕನ್ನು ಇವಳಿಗೇ ಕೊಡುವುದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಮೂರನೇ ಕ್ಲಾಸಿನ ಮೈಗೆ ಹೊಲಿದದ್ದು, ಈಗ ಅವಳು ನಾಲ್ಕಕ್ಕೆ ಹೋಗಿದ್ದಾಳೆ, ಸ್ವಲ್ಪ ಬಿಗಿಯಾದರೂ ಆದೀತು. ಕಾಲರನ್ನು ಮಾತ್ರ ಬಿಚ್ಚಿ ಇಟ್ಟುಕೊಳ್ಳಬಹುದೇ ಎಂದೂ ಯೋಚಿಸಿದೆ. ಶಾಸ್ತ್ರ ನನಗೇ ಗೊತ್ತು, ಇಟ್ಟುಕೊಳ್ಳುವ ಹಾಗಿಲ್ಲ.

ಹಿತ್ತಲ ಬಾಗಿಲಿನ ಅಗುಳಿ ತುಕ್ಕು ಹಿಡಿದಿರುತ್ತದೆ ಅಂದುಕೊಂಡಿದ್ದೆ. ಎಣ್ಣೆ ಹಾಕಿಟ್ಟಿದ್ದರು, ಸಲೀಸಾಗಿ ಬಂತು. ನಾನು ಬಿಟ್ಟಾಗ ಸೊಂಟದೆತ್ತರ ಇದ್ದ ನುಗ್ಗೆಗಿಡ ಮಾಡನ್ನು ಮೀರಿ ಹೋಗಿತ್ತು. ಒಗೆಯುವ ಕಲ್ಲಿನ ಪಕ್ಕ ತಂತಿ, ತಂತಿಯಲ್ಲಿ ಫ್ರಾಕು. ಅದರ ಅಂಚು ಕಲ್ಲಿನ ಹತ್ತಿರದವರೆಗೂ ಬಂದಿತ್ತು. ಹಳೆಯ ತಂತಿ, ಜೋಲುಬಿದ್ದಿರಬೇಕು ಅಂದುಕೊಂಡೆ.

ಭುಜದ ಹತ್ತಿರ ಹಿಡಿದು ಮೆಲ್ಲಗೆ ಇಳಿಸಿದೆ. ಹಗುರವಾಗಿರುತ್ತದೆ ಎಂದು ಕೈ ಕಾದಿತ್ತು. ಹಗುರವಿರಲಿಲ್ಲ. ಮಡಿಸಲೆಂದು ನನ್ನ ಎದೆಗೆ ಆನಿಸಿ ಹಿಡಿದುಕೊಂಡೆ. ಅದರ ಭುಜ ನನ್ನ ಭುಜಕ್ಕೆ ಬಂತು. ಅಂಚು ನನ್ನ ಮೊಣಕಾಲು ದಾಟಿ ಕೆಳಗೆ ಹೋಯಿತು. ಬೆಳೆದ ಹುಡುಗಿಯರ ಬಟ್ಟೆಗೆ ಇಡುವ ಹಾಗೆ ಎದೆಯ ಎರಡು ಕಡೆ ಬಟ್ಟೆಯನ್ನು ಒಳಗೆ ಮಡಿಸಿ ಡಾರ್ಟ್ ಹೊಲಿದಿತ್ತು. ತೋಳುಗಳು ಮೊಣಕೈವರೆಗೆ ಇದ್ದವು. ಬಿಳಿ ಕಾಲರೊಂದೇ ಪುಟ್ಟದು, ಅದಕ್ಕೆ ಎರಡೂ ಕಡೆ ಬೇರೆ ಬಿಳಿ ಬಟ್ಟೆ ಕೊಟ್ಟು ಕೊರಳಿಗೆ ಸಾಲುವ ಹಾಗೆ ಮಾಡಿದ್ದರು. ನಾನು ಅವರ ಕಡೆ ತಿರುಗಿದೆ.

“ಇದೇನ್ರಿ ಇದು?”

ಅವರು ನನ್ನ ಮುಖ ನೋಡಲಿಲ್ಲ. ಫ್ರಾಕಿನ ಅಂಚನ್ನು ಹಿಡಿದು, ಹೊರಗೆ ಬಂದಿದ್ದ ಒಂದು ಎಳೆಯನ್ನು ಆ ನಡುಗುವ ಬೆರಳಿನಿಂದಲೇ ಒಳಕ್ಕೆ ಸೇರಿಸುತ್ತಿದ್ದರು.

“ಹೋದ ವರ್ಷ ಒಂದೇ ಸಲಕ್ಕೆ ಬೆಳೆದುಬಿಟ್ಲು,” ಅಂದರು. “ಎರಡು ಸಲ ಅಂಚು ಬಿಚ್ಚಬೇಕಾಯ್ತು.”